ಒತ್ತಕ್ಷರದ ಕೂಲಿ

ಪೀಣ್ಯ ಎರಡನೇ ಹಂತ. ಬೇರಿಂಗ್ ಫ್ಯಾಕ್ಟರಿಯ ಮುಂದಿನ ಗೋಡೆ.
ಆಗಸ್ಟ್ ಹದಿನಾಲ್ಕು, ಬೆಳಗಿನಿಂದ ಬಿಟ್ಟು ಬಿಟ್ಟು ಸೋನೆ.
ಬಳಿದ ನೀಲಿ ಒಣಗಲೆಂದು
ಒಂದೇ ಟಾರ್ಪಾಲಿನಡಿ ಕಾದಿದ್ದೆವು
ನಾನು, ಏಳುಮಲೈ ಮೇಸ್ತ್ರಿ, ಮತ್ತು ಏಣಿ.

ಮ್ಯಾನೇಜರು ಚೀಟಿ ತಂದ:
ಕಷ್ಟಪಟ್ಟು ದುಡಿದರೆ ಕಟ್ಟಬಹುದು ದೇಶ.
ಅಕ್ಷರಕ್ಕೆ ಐದು ರೂಪಾಯಿ.
ಪೆನ್ನಿನ ತುದಿಯಿಂದ ಕುಟ್ಟಿ ಕುಟ್ಟಿ ಎಣಿಸಿದ.
"ಹದಿನೈದು! ಹದಿನೈದನೇ ತಾರೀಖಿಗೆ ಹದಿನೈದು,
ನೋಡು, ಹೆಂಗೆ ಕೂಡಿ ಬಂತು."

"ಹದಿನೆಂಟು ಸಾರ್," ಅಂದ ಮೇಸ್ತ್ರಿ. "ಕೆಳಗೆ ಮೂರಿದೆ."

ಕಷ್ಟದ ಕೆಳಗೊಂದು,
ಪಟ್ಟಿನ ಕೆಳಗೊಂದು,
ಕಟ್ಟುವುದರ ಕೆಳಗೊಂದು.

"ಒತ್ತಿಗೆಲ್ಲ ಯಾರಪ್ಪಾ ಕಾಸು ಕೊಡ್ತಾರೆ?
ಅದು ಅದರಲ್ಲೇ ಬಂತು."

ಶ್ರೀರಾಂಪುರದ ಏಳುಮಲೈ ಕನ್ನಡ ಕಲಿತದ್ದು ಗೋಡೆಗಳ ಮೇಲೆ.
ಓದು ಅಂದರೆ ತಡವರಿಸುವನು,
ಬರೆದರೆ ಒಂದು ತಲೆಕಟ್ಟೂ ಸೊಟ್ಟಗಾಗದು.
ನನಗೋ ಹದಿನಾರು, ಮೂಗಿನ ತುದಿಯಲ್ಲೇ ಸಿಟ್ಟು:
"ಒತ್ತಿಲ್ಲದೆ ಬರೀರಿ ಮೇಸ್ತ್ರಿ.
ಕಷಪಟು ದುಡಿದರೆ ಕಟಬಹುದು.
ನಾಳೆ ಬಾವುಟ ಹಾರಿಸೋರು ಓದಿಕೊಳ್ಳಲಿ."

ಅವನು ನಗಲಿಲ್ಲ.
ಫ್ಯಾಕ್ಟರಿ ಕೊಟ್ಟ ಬಿಳಿಯಲ್ಲಿ ಹದಿನೈದು ಮುಗಿಸಿದ,
ಕುಂಚ ತೊಳೆದ, ಡಬ್ಬಿ ಮುಚ್ಚಿ ಗೇಟಿನವನಿಗೆ ಒಪ್ಪಿಸಿದ.
ಆಮೇಲೆ ತನ್ನ ಚೀಲದಿಂದ
ತಳ ಕಂಡ ರೆಡ್ ಆಕ್ಸೈಡ್ ತೆಗೆದು
ಒದ್ದೆ ನೆಲಕ್ಕೆ ಮಂಡಿಯೂರಿ
ಮೂರು ಒತ್ತು ಬರೆದ. ಅವಸರವಿಲ್ಲ.
"ಬಿಳಿ ಅವರ್ದು, ತಂಬಿ. ಇದು ನಮ್ದು."

ಮಾರನೇ ದಿನ ಜನಗಣಮನ ಮುಗಿದ ಮೇಲೆ
ಮಾಲೀಕರು ಗೋಡೆ ನೋಡಿ ತಲೆದೂಗಿದರಂತೆ:
"ಕೆಂಪು ಸೇರಿಸಿದ್ದು ಒಳ್ಳೇ ಡಿಸೈನು."
ಎಪ್ಪತ್ತೈದು ರೂಪಾಯಿ. ಇಬ್ಬರಿಗೂ ಒಂದೊಂದು ಲಾಡು.

ಈಗ ಸುಂಕದಕಟ್ಟೆಯಲ್ಲಿ ನನ್ನದೇ ಅಂಗಡಿ.
ಅಕ್ರಿಲಿಕ್ ಕೊರೆವ ಎರಡು ಮೆಷೀನು, ಕಂತು ತೀರದ ಒಂದು ವ್ಯಾನು.
ಬಡಾವಣೆಯ ಶಾಲೆಯವರು ಕರೆಯುತ್ತಾರೆ ವರ್ಷ ವರ್ಷ,
ಏಣಿ ಹಿಡಿಯುತ್ತಿದ್ದವನು ಹೇಗೆ ಮೇಲೆ ಬಂದ, ಮಕ್ಕಳಿಗೆ ಹೇಳಿ ಅಂತ.
ಹೇಳುತ್ತೇನೆ. ಹೇಳಿದ್ದು ಸುಳ್ಳಲ್ಲ.
ನಿದ್ದೆಗೆಟ್ಟಿದ್ದೇನೆ, ಥಿನ್ನರ್ ಕುಡಿದಂತೆ ಗಂಟಲು ಉರಿದಿದೆ.
ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.
ಮೇಸ್ತ್ರಿಯ ಹೆಸರು ಮಾತ್ರ
ಯಾಕೋ ಭಾಷಣದಲ್ಲಿ ಕೂರುವುದಿಲ್ಲ.

ಮೊನ್ನೆ ವಿಜಯನಗರ, ಮೂರನೇ ಮಹಡಿ, ರಾತ್ರಿ ಹನ್ನೊಂದು.
ಯಶಸ್ವಿ ಕೋಚಿಂಗ್ ಸೆಂಟರ್ ಎಂದು ಕೂರಿಸಬೇಕು.
ಯಾದಗಿರಿ ಕಡೆಯ ಹುಡುಗ ಭೀಮಾಶಂಕರ
ಸೊಂಟಕ್ಕೆ ಹಗ್ಗ ಬಿಗಿದು ಕಿಟಕಿಯಾಚೆ ತೂಗುತ್ತಿದ್ದ.
ಸ್ವಿಯ ಒತ್ತು ಬೇರೆಯೇ ತುಂಡು,
ಅಂಗೈಯಷ್ಟು, ಅದಕ್ಕೇ ಎರಡು ಸ್ಕ್ರೂ;
ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಬಗ್ಗಬೇಕು.

ಇಳಿದು ಬಂದ. ಕೈ ಇನ್ನೂ ನಡುಗುತ್ತಿತ್ತು.
"ಅಣ್ಣಾರ, ಹಗ್ಗದಾಗ ನಿಂತಿದ್ದಕ್ಕ ಏನರ..."
"ಅದೆಲ್ಲ ಅದರಲ್ಲೇ ಬಂತು ಕಣೋ."

ಮಾತು ನನ್ನದಲ್ಲ, ಬಾಯಿ ನನ್ನದು.

ತಪ್ಪಿದ್ದನ್ನು ಮುಚ್ಚಿಕೊಳ್ಳಲೆಂಬಂತೆ
ಬಿಲ್ ಪುಸ್ತಕ ತೆಗೆದೆ. "ಎಷ್ಟು ಅಕ್ಷರ ಕೂರಿಸಿದೆ, ಎಣಿಸು."
ಕತ್ತೆತ್ತಿ ಬೆಳಕಿನ ಬೋರ್ಡು ನೋಡುತ್ತ
ಹೆಬ್ಬೆರಳಿಂದ ಗೆಣ್ಣು ಗೆಣ್ಣು ಮುಟ್ಟಿ ಎಣಿಸಿದ:
"ಒಂಬತ್ತ್ರೀ."

ಒತ್ತು ಎಣಿಸಲಿಲ್ಲ ಅವನು.
ನಾನು ಪೆನ್ನಿನ ಮುಚ್ಚಳ ತೆಗೆದು
ಎಷ್ಟೋ ಹೊತ್ತು
ಕೆಳಗಡೆ ನೋಡುತ್ತ ನಿಂತಿದ್ದೆ.